ಎರಡನೇ ಸ್ಥಾನ ಗೆದ್ದವರು ತಂಡದಿಂದ ಹೊರಗುಳಿಯುವುದು ನ್ಯಾಯವೇ?

ಪ್ರಶ್ನೆ: ಪುರುಷರ ಫಿಗರ್ ಸ್ಕೇಟಿಂಗ್ ನೋಡುವ ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ವಾದ ವರ್ಷಗಳಾದರೂ ಮುಗಿದಿಲ್ಲ. ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ 2018ರಲ್ಲೂ 2022ರಲ್ಲೂ ಎರಡನೇ ಸ್ಥಾನ ಪಡೆದ ಸ್ಕೇಟರನ್ನು ಒಲಿಂಪಿಕ್ಸ್ ತಂಡದಿಂದ ಹೊರಗಿಟ್ಟು, ಎರಡೂ ಸಲ ನಾಲ್ಕನೇ ಸ್ಥಾನದವರನ್ನು ಕಳುಹಿಸಿದರು. ಹಾಗಿದ್ದ ಮೇಲೆ ರಾಷ್ಟ್ರೀಯ ಸ್ಪರ್ಧೆ ನಡೆಸುವುದಾದರೂ ಏತಕ್ಕೆ? ದೇಶದೊಳಗೆ 290, 300 ಅಂಕ ಪಡೆದವರು ಹೊರಗೆ ಹೋದಾಗ ಅಷ್ಟು ಅಂಕ ಪಡೆಯದಿರುವುದು ಏಕೆ? ಇದರಲ್ಲಿ ಯಾರ ಮಾತು ಸರಿ ಎಂದು ತಿಳಿಸುವಿರಾ?

ಉತ್ತರ: ನಿಮ್ಮ ಗೆಳೆಯರ ವಾದ ಮುಗಿಯದಿರುವುದಕ್ಕೆ ಕಾರಣವಿದೆ. ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಅವರು ಒಂದೇ ಎಂದು ಭಾವಿಸಿ ಚರ್ಚಿಸುತ್ತಿದ್ದಾರೆ. ಆ ದಿನ, ಆ ಐಸ್ ಮೇಲೆ ಯಾರು ಚೆನ್ನಾಗಿ ಸ್ಕೇಟ್ ಮಾಡಿದರು ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಕೊಡುವುದು ರಾಷ್ಟ್ರೀಯ ಚಾಂಪಿಯನ್‌ಶಿಪ್. ಕೆಲವು ವಾರಗಳ ನಂತರ ಬೇರೆ ಅಂಗಣದಲ್ಲಿ, ಬೇರೆ ದೇಶಗಳ ತೀರ್ಪುಗಾರರ ಮುಂದೆ ಯಾರ ಮೇಲೆ ಭರವಸೆ ಇಡಬಹುದು ಎಂಬುದು ಎರಡನೆಯದು. ಅದಕ್ಕೆ ಉತ್ತರ ಹುಡುಕುವುದು ಆಯ್ಕೆ ಸಮಿತಿಯ ಕೆಲಸ. ಈ ಎರಡು ಉತ್ತರಗಳು ಒಂದೇ ಆಗಿರಲೇಬೇಕೆಂದಿಲ್ಲ. ಅವು ಬೇರೆಯಾದಾಗ ಅದನ್ನು ನಿಭಾಯಿಸುವ ಕ್ರಮ ನ್ಯಾಯವಾಗಿತ್ತೇ ಇಲ್ಲವೇ ಎಂಬುದನ್ನಷ್ಟೇ ನಾವು ಕೇಳಬೇಕಾಗಿರುವುದು.

2018ರ ಜನವರಿಯಲ್ಲಿ ಸ್ಯಾನ್ ಹೋಸೆಯಲ್ಲಿ ನಡೆದದ್ದನ್ನು ಮೊದಲು ನೋಡೋಣ. ನೇಥನ್ ಚೆನ್ 315.23 ಅಂಕಗಳೊಡನೆ ಗೆದ್ದರು. ರಾಸ್ ಮೈನರ್ 274.51 ಪಡೆದು ಎರಡನೆಯವರಾದರು, ವಿನ್ಸೆಂಟ್ ಝೌ 273.83 ಪಡೆದು ಮೂರನೆಯವರಾದರು, ಆಡಮ್ ರಿಪ್ಪನ್ 268.34 ಪಡೆದು ನಾಲ್ಕನೆಯವರಾದರು. ತಂಡ ಪ್ರಕಟವಾದಾಗ ಅದರಲ್ಲಿದ್ದದ್ದು ಚೆನ್, ಝೌ ಮತ್ತು ರಿಪ್ಪನ್. ಮೈನರ್ ಅಂದು ತಮ್ಮ ವೃತ್ತಿಜೀವನದ ಅತ್ಯುತ್ತಮ ಪ್ರದರ್ಶನಗಳಲ್ಲೊಂದನ್ನು ನೀಡಿದ್ದರು. ಅದನ್ನು ನೋಡಿದ ಯಾರಿಗಾದರೂ ಮರುದಿನದ ಪಟ್ಟಿ ಓದಿ ಸಂಕಟವಾಗಿರಲೇಬೇಕು. ನನಗೂ ಆಯಿತು.

ಆದರೆ ನಿಯಮ ಏನು ಹೇಳುತ್ತಿತ್ತು? ಅಮೆರಿಕದ ಸ್ಕೇಟಿಂಗ್ ಒಕ್ಕೂಟ ರಾಷ್ಟ್ರೀಯ ಸ್ಪರ್ಧೆಯನ್ನು ಒಲಿಂಪಿಕ್ಸ್‌ನ ಏಕೈಕ ಅರ್ಹತಾ ಸುತ್ತು ಎಂದು ಎಲ್ಲಿಯೂ ಘೋಷಿಸಿರಲಿಲ್ಲ. ಓಟಗಾರರ ಆಯ್ಕೆಯಲ್ಲಿ ಮೊದಲ ಮೂವರು ಗೆರೆ ದಾಟಿದರೆ ಮೂವರೂ ತಂಡಕ್ಕೆ, ಅಲ್ಲಿಗೆ ಮಾತು ಮುಗಿಯಿತು. ಸ್ಕೇಟಿಂಗ್‌ನಲ್ಲಿ ಆ ಪದ್ಧತಿ ಇರಲಿಲ್ಲ. ಹಿಂದಿನ ಒಂದು ವರ್ಷದ ಪ್ರಮುಖ ಸ್ಪರ್ಧೆಗಳನ್ನು ಶ್ರೇಣಿಗಳಾಗಿ ವಿಂಗಡಿಸಿ, ವಿಶ್ವ ಚಾಂಪಿಯನ್‌ಶಿಪ್, ಗ್ರ್ಯಾನ್ ಪ್ರಿ ಎಂಬ ಅಂತರರಾಷ್ಟ್ರೀಯ ಸ್ಪರ್ಧಾ ಸರಣಿಯ ಫೈನಲ್ ಮತ್ತು ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳಿಗೆ ಹೆಚ್ಚಿನ ತೂಕ ಕೊಟ್ಟು, ಒಟ್ಟಾರೆ ಸಾಧನೆಯನ್ನು ಅಳೆಯುವುದು ಸಮಿತಿಯ ರೀತಿಯಾಗಿತ್ತು. ಆ ಋತುವಿನಲ್ಲಿ ರಿಪ್ಪನ್ ತಾವು ಭಾಗವಹಿಸಿದ ಎರಡೂ ಗ್ರ್ಯಾನ್ ಪ್ರಿ ಸ್ಪರ್ಧೆಗಳಲ್ಲಿ ಬೆಳ್ಳಿ ಪಡೆದು, ನಗೋಯಾದಲ್ಲಿ ನಡೆದ ಫೈನಲ್‌ನಲ್ಲಿ ಐದನೆಯವರಾಗಿದ್ದರು. ಮೈನರ್ ಅವರ ಕೈಯಲ್ಲಿ ಅದಕ್ಕೆ ಸಮನಾದ ಅಂತರರಾಷ್ಟ್ರೀಯ ಫಲಿತಾಂಶ ಇರಲಿಲ್ಲ. ಬರೆದಿಟ್ಟ ನಿಯಮದ ಪ್ರಕಾರ ನೋಡಿದರೆ ಸಮಿತಿ ಬೇರೆ ತೀರ್ಮಾನಕ್ಕೆ ಬರುವುದೇ ಕಷ್ಟವಿತ್ತು. ಮುಂದೆ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ರಿಪ್ಪನ್ ತಂಡ ಸ್ಪರ್ಧೆಯ ಫ್ರೀ ಸ್ಕೇಟ್ (ಎರಡನೆಯ, ಉದ್ದನೆಯ ಪ್ರದರ್ಶನ) ನಿರ್ವಹಿಸಿ ಕಂಚಿನ ಪದಕದಲ್ಲಿ ಪಾಲುದಾರರಾದರು, ವೈಯಕ್ತಿಕ ಸ್ಪರ್ಧೆಯಲ್ಲಿ ಹತ್ತನೆಯವರಾದರು.

ಇಲ್ಲಿ ಅಭಿಮಾನಿಗಳು ಸಾಮಾನ್ಯವಾಗಿ ಮರೆಯುವ ಇನ್ನೊಂದು ವಿಷಯವಿದೆ. ಮೂರು ಸ್ಥಾನಗಳು ಒಂದು ದೇಶಕ್ಕೆ ತಾನಾಗಿಯೇ ಸಿಗುವುದಿಲ್ಲ. ಒಲಿಂಪಿಕ್ಸ್‌ಗೆ ಹಿಂದಿನ ವರ್ಷದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಂದು ದೇಶದ ಅತ್ಯುತ್ತಮ ಇಬ್ಬರ ಸ್ಥಾನಗಳನ್ನು ಕೂಡಿದಾಗ ಮೊತ್ತ 13 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೂವರಿಗೆ ಅವಕಾಶ; 28ರವರೆಗೆ ಇದ್ದರೆ ಇಬ್ಬರಿಗೆ; ಅದನ್ನೂ ಮೀರಿದರೆ ಒಬ್ಬರಿಗೆ. 2017ರಲ್ಲಿ ಹೆಲ್ಸಿಂಕಿಯಲ್ಲಿ ಚೆನ್ ಆರನೆಯವರಾದರು, ಜೇಸನ್ ಬ್ರೌನ್ ಏಳನೆಯವರಾದರು. ಆರಕ್ಕೆ ಏಳು ಕೂಡಿದರೆ ಹದಿಮೂರು. ಅಂದರೆ ಮೂರನೆಯ ಸ್ಥಾನ ಕೂದಲೆಳೆಯ ಅಂತರದಲ್ಲಿ ದಕ್ಕಿತ್ತು. ಬ್ರೌನ್ ಎಂಟನೆಯವರಾಗಿದ್ದರೆ ಸ್ಯಾನ್ ಹೋಸೆಯಲ್ಲಿ ಈ ಜಗಳವೇ ಹುಟ್ಟುತ್ತಿರಲಿಲ್ಲ, ಏಕೆಂದರೆ ಹಂಚಲು ಮೂರನೆಯ ಸ್ಥಾನವೇ ಇರುತ್ತಿರಲಿಲ್ಲ. ಆ ಸ್ಥಾನವನ್ನು ದೇಶಕ್ಕೆ ಗಳಿಸಿಕೊಟ್ಟ ಬ್ರೌನ್ 2018ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆರನೆಯವರಾಗಿ ಮೀಸಲು ಪಟ್ಟಿಯಲ್ಲಿ ಉಳಿದರು. ಮೈನರ್ ಅವರಿಗಾದ ಅನ್ಯಾಯದ ಬಗ್ಗೆ ಮಾತನಾಡುವವರು ಬ್ರೌನ್ ಹೆಸರನ್ನೂ ಒಮ್ಮೆ ಎತ್ತಬೇಕು ಎಂದು ನನಗೆ ಅನ್ನಿಸುತ್ತದೆ. ಗಳಿಸಿದ ಸ್ಥಾನ ದೇಶದ್ದು, ಸ್ಕೇಟರನದ್ದಲ್ಲ ಎಂಬ ನಿಯಮ ಎಲ್ಲರಿಗೂ ಒಂದೇ ಸಮನಾಗಿ ಕಠಿಣವಾಗಿದೆ.

ಈಗ ಅಂಕಗಳ ಪ್ರಶ್ನೆಗೆ ಬರೋಣ. ಇದನ್ನು ಅರಿಯಲು ಒಂದೇ ಒಂದು ಜಿಗಿತವನ್ನು ಹತ್ತಿರದಿಂದ ನೋಡಿದರೆ ಸಾಕು. ನಾಲ್ಕು ಸುತ್ತಿನ ಲಟ್ಸ್ ಎಂಬ ಜಿಗಿತ ಎಂದಿಟ್ಟುಕೊಳ್ಳಿ. ಸ್ಕೇಟರ್ ಹಿಮ್ಮುಖವಾಗಿ ಉದ್ದನೆಯ ಕಮಾನು ಗೆರೆಯಲ್ಲಿ ಜಾರುತ್ತ ಮೂಲೆಗೆ ಬರುತ್ತಾನೆ, ಎಡಗಾಲಿನ ಹೊರ ಅಂಚಿನ ಮೇಲೆ ಭಾರ ಇಟ್ಟು, ಬಲಗಾಲಿನ ಬ್ಲೇಡಿನ ಮುಂದಿನ ಹಲ್ಲುಗಳನ್ನು ಐಸ್‌ಗೆ ಊರಿ ಮೇಲೆದ್ದು, ನಾಲ್ಕು ಸುತ್ತು ಸುತ್ತಿ ಬಲಗಾಲಿನ ಮೇಲೆ ಇಳಿಯುತ್ತಾನೆ. ಗಾಳಿಯಲ್ಲಿರುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಇದರ ಮೂಲ ಅಂಕ 11.50. ಒಂಬತ್ತು ಮಂದಿ ತೀರ್ಪುಗಾರರು ಇದಕ್ಕೆ ಮೈನಸ್ ಐದರಿಂದ ಪ್ಲಸ್ ಐದರವರೆಗೆ ಗುಣಮಟ್ಟದ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದು ಉಳಿದ ಏಳರ ಸರಾಸರಿ ಹಿಡಿಯುತ್ತಾರೆ. ಪ್ರತಿ ಮೆಟ್ಟಿಲಿಗೆ ಮೂಲ ಅಂಕದ ಶೇಕಡಾ 10ರಷ್ಟು ಸೇರುತ್ತದೆ ಅಥವಾ ಕಳೆಯುತ್ತದೆ. ಸರಾಸರಿ ಪ್ಲಸ್ ಮೂರು ಬಂದರೆ ಆ ಜಿಗಿತಕ್ಕೆ 14.95 ಸಿಗುತ್ತದೆ. ನಾಲ್ಕು ಸುತ್ತು ಪೂರ್ತಿಯಾಗಿ ಸುತ್ತಿಯೂ ಬಿದ್ದರೆ 5.75 ಉಳಿಯುತ್ತದೆ, ಬಿದ್ದದ್ದಕ್ಕೆ ಇನ್ನೂ ಒಂದು ಅಂಕ ಹೋಗಿ 4.75. ಸುತ್ತು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಗಿ ಬಿದ್ದರೆ ಮೂಲ ಅಂಕವೇ ಶೇಕಡಾ 80ಕ್ಕೆ ಇಳಿದು ಕೊನೆಗೆ ಕೈಗೆ ಬರುವುದು 3.60. ಅರ್ಧ ಸುತ್ತಿನಷ್ಟು ಕಡಿಮೆಯಾಗಿದ್ದರೆ ಅದನ್ನು ಮೂರು ಸುತ್ತಿನ ಲಟ್ಸ್ ಎಂದೇ ಎಣಿಸುತ್ತಾರೆ. ಆಗ ಬಿದ್ದವನಿಗೆ ದಕ್ಕುವುದು ಎರಡು ಅಂಕಕ್ಕೂ ಕಡಿಮೆ.

ಒಂದೇ ಜಿಗಿತ, ಹದಿಮೂರು ಅಂಕಗಳ ಅಂತರ. 2018ರ ಮೂಲ ಅಂಕಗಳ ಪಟ್ಟಿ ಸ್ವಲ್ಪ ಬೇರೆಯಾಗಿತ್ತು ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಮೈನರ್ ಮತ್ತು ರಿಪ್ಪನ್ ನಡುವೆ ಇದ್ದದ್ದು 6.17 ಅಂಕ. ಇಂಥ ಒಂದು ಜಿಗಿತ ಆ ದಿನ ಕೈಕೊಟ್ಟಿತೋ ಕೂಡಿಬಂತೋ ಎಂಬುದರ ಮೇಲೆ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳು ಅದಲು ಬದಲಾಗುವ ಆಟವಿದು. ಆದ್ದರಿಂದಲೇ ಒಂದು ದಿನದ ಕ್ರಮಾಂಕವನ್ನೇ ಅಂತಿಮ ಎಂದು ಹಿಡಿಯಲು ಆಯ್ಕೆಗಾರರು ಹಿಂಜರಿಯುತ್ತಾರೆ.

ಕಾಲು ಸುತ್ತು ಕಡಿಮೆಯಾಯಿತೇ ಇಲ್ಲವೇ ಎಂದು ನಿರ್ಧರಿಸುವುದು ಆ ಒಂಬತ್ತು ತೀರ್ಪುಗಾರರಲ್ಲ, ಪ್ರತ್ಯೇಕವಾಗಿ ಕುಳಿತ ತಾಂತ್ರಿಕ ಸಮಿತಿ. ಅವರು ವಿಡಿಯೊವನ್ನು ನಿಧಾನಗತಿಯಲ್ಲಿ ಮತ್ತೆ ನೋಡಿ ಬ್ಲೇಡ್ ಐಸ್ ಮುಟ್ಟಿದ ಗಳಿಗೆಯಲ್ಲಿ ಅದು ಯಾವ ದಿಕ್ಕಿಗಿತ್ತು ಎಂಬುದನ್ನು ಗುರುತಿಸುತ್ತಾರೆ. ಕ್ಯಾಮೆರಾ ಯಾವ ಕಡೆಗಿತ್ತು ಎಂಬುದರಿಂದಲೂ ನೋಟ ಬದಲಾಗುತ್ತದೆ. ಸಮಿತಿ ಕಟ್ಟುನಿಟ್ಟಾಗಿದ್ದರೆ ಮೂರು ಜಿಗಿತಗಳಿಗೆ ಗುರುತು ಬೀಳುತ್ತದೆ, ಉದಾರವಾಗಿದ್ದರೆ ಒಂದಕ್ಕೂ ಬೀಳುವುದಿಲ್ಲ. ಇನ್ನು ಕಲಾತ್ಮಕ ಅಂಶಗಳ ಲೆಕ್ಕ. 2022ರ ನಂತರ ಸಂಯೋಜನೆ, ಪ್ರಸ್ತುತಿ ಮತ್ತು ಸ್ಕೇಟಿಂಗ್ ಕೌಶಲ ಎಂಬ ಮೂರು ಅಂಶಗಳಿಗೆ ಹತ್ತರೊಳಗೆ ಅಂಕ ಕೊಡುತ್ತಾರೆ. ಪುರುಷರ ವಿಭಾಗದಲ್ಲಿ ಅದನ್ನು ಮೊದಲನೆಯ, ಚಿಕ್ಕ ಪ್ರದರ್ಶನವಾದ ಶಾರ್ಟ್ ಪ್ರೋಗ್ರಾಂನಲ್ಲಿ 1.67ರಿಂದ, ಫ್ರೀ ಸ್ಕೇಟ್‌ನಲ್ಲಿ 3.33ರಿಂದ ಗುಣಿಸುತ್ತಾರೆ. ತೀರ್ಪುಗಾರರೆಲ್ಲ ಪ್ರತಿ ಅಂಶಕ್ಕೂ ಬರೀ ಅರ್ಧ ಅಂಕ ಧಾರಾಳವಾಗಿ ಕೊಟ್ಟರೂ ಎರಡು ಪ್ರದರ್ಶನಗಳು ಸೇರಿ ಏಳೂವರೆ ಅಂಕ ಹೆಚ್ಚುತ್ತದೆ. ಯಾರೂ ಮೋಸ ಮಾಡಬೇಕಾಗಿಲ್ಲ. ತಮ್ಮ ದೇಶದ ಸ್ಕೇಟರರನ್ನಷ್ಟೇ ಪರಸ್ಪರ ಹೋಲಿಸಿ ನೋಡುವ ತೀರ್ಪುಗಾರರು, ತುಂಬಿದ ಸಭಾಂಗಣದಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿರುವ ಪ್ರೇಕ್ಷಕರ ನಡುವೆ ಕುಳಿತು, ಎಂಟೂವರೆಯ ಜಾಗದಲ್ಲಿ ಒಂಬತ್ತು ಕೊಟ್ಟರೆ ಅಷ್ಟೇ ಸಾಕು.

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ರಾಷ್ಟ್ರೀಯ ಸ್ಪರ್ಧೆಗಳ ಅಂಕಗಳನ್ನು ತನ್ನ ದಾಖಲೆಗಳಿಗೆ ಸೇರಿಸಿಕೊಳ್ಳದಿರುವುದು ಇದೇ ಕಾರಣಕ್ಕೆ ಸರಿಯಾಗಿದೆ. ರಿಪ್ಪನ್ ಪ್ಯೊಂಗ್‌ಚಾಂಗ್‌ನಲ್ಲಿ ಎರಡೂ ಪ್ರದರ್ಶನಗಳನ್ನು ಬೀಳದೆ, ಅಚ್ಚುಕಟ್ಟಾಗಿ ಮುಗಿಸಿದರೂ ಬಂದದ್ದು 259.36, ಸ್ಯಾನ್ ಹೋಸೆಯ ಅಂಕಕ್ಕಿಂತ ಸುಮಾರು ಒಂಬತ್ತು ಕಡಿಮೆ. ಹಾಗೆಂದು ಯಾವಾಗಲೂ ಹೀಗೆಯೇ ಆಗುತ್ತದೆ ಎಂದು ತಿಳಿಯಬೇಡಿ. ಚೆನ್ 2022ರಲ್ಲಿ ನ್ಯಾಶ್‌ವಿಲ್‌ನ ರಾಷ್ಟ್ರೀಯ ಸ್ಪರ್ಧೆಯಲ್ಲಿ 328.01 ಪಡೆದು, ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 332.60 ಪಡೆದು ಚಿನ್ನ ಗೆದ್ದರು.

ನ್ಯಾಶ್‌ವಿಲ್ ಎಂದ ಕೂಡಲೇ ಇಲ್ಯಾ ಮಾಲಿನಿನ್ ವಿಷಯ ಬರುತ್ತದೆ. ನಿಮ್ಮ ಗುಂಪಿನಲ್ಲಿ ಹೆಚ್ಚು ಬಿಸಿ ಏರುವುದು ಇಲ್ಲಿಯೇ ಇರಬೇಕು. ಅಲ್ಲಿ ಹದಿನೇಳರ ಮಾಲಿನಿನ್ 302.48 ಅಂಕಗಳೊಡನೆ ಎರಡನೆಯವರಾದರು, ಝೌ 290.16, ಬ್ರೌನ್ 289.78. ಮೂರನೆಯವರಿಗಿಂತ ಹನ್ನೆರಡು ಅಂಕ ಮುಂದಿದ್ದ ಹುಡುಗನನ್ನು ಮೀಸಲು ಪಟ್ಟಿಗೆ ಹಾಕಿ ಚೆನ್, ಝೌ, ಬ್ರೌನ್ ಮೂವರನ್ನು ಬೀಜಿಂಗ್‌ಗೆ ಕಳುಹಿಸಿದರು. ಈಗ ಹಿಂದಿರುಗಿ ನೋಡುವಾಗ ಇದು ದೊಡ್ಡ ಪ್ರಮಾದದಂತೆ ಕಾಣುತ್ತದೆ, ಏಕೆಂದರೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲೇಕ್ ಪ್ಲ್ಯಾಸಿಡ್‌ನಲ್ಲಿ ಮಾಲಿನಿನ್ ಇತಿಹಾಸದ ಮೊತ್ತಮೊದಲ ನಾಲ್ಕೂವರೆ ಸುತ್ತಿನ ಆಕ್ಸೆಲ್ ಜಿಗಿತ ಪೂರೈಸಿದರು, 2024ರಲ್ಲಿ ಮಾಂಟ್ರಿಯಲ್‌ನಲ್ಲಿ 333.76 ಅಂಕಗಳೊಡನೆ ವಿಶ್ವ ಚಾಂಪಿಯನ್ ಆದರು. ಆದರೆ ಆಯ್ಕೆ ಸಮಿತಿಯ ಮುಂದೆ ಇದ್ದದ್ದು 2024ರ ಮಾಲಿನಿನ್ ಅಲ್ಲ. 2022ರ ಜನವರಿಯಲ್ಲಿ ಅವರ ಮುಂದಿದ್ದ ಹುಡುಗನ ಆ ಋತುವಿನ ದೊಡ್ಡ ಗೆಲುವುಗಳು ಜೂನಿಯರ್ ಗ್ರ್ಯಾನ್ ಪ್ರಿಯವು. ಹಿರಿಯರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆತ ಒಮ್ಮೆಯೂ ಸ್ಪರ್ಧಿಸಿರಲಿಲ್ಲ.

ಝೌ ಅವರ ಹಾದಿ ಬೇರೆ. 2019ರಲ್ಲಿ ಅವರು ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದಿದ್ದರು. 2021ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಾತ್ರ ಶಾರ್ಟ್ ಪ್ರೋಗ್ರಾಂ ಪೂರ್ತಿಯಾಗಿ ಕೆಟ್ಟು 25ನೆಯವರಾಗಿ, ಫ್ರೀ ಸ್ಕೇಟ್‌ಗೆ ಬೇಕಾದ 24ರೊಳಗೆ ಬರಲಾಗದೆ ಉಳಿದರು. ಅಲ್ಲಿ ಚೆನ್ ಮೊದಲನೆಯವರು, ಬ್ರೌನ್ ಏಳನೆಯವರು. ಮೊತ್ತ ಎಂಟೇ ಆದರೂ ಮೂವರೂ ಫ್ರೀ ಸ್ಕೇಟ್ ತಲುಪಿರಬೇಕೆಂಬ ಹೊಸ ನಿಯಮದಿಂದಾಗಿ ಅಮೆರಿಕದ ಮೂರನೆಯ ಒಲಿಂಪಿಕ್ ಸ್ಥಾನ ಖಚಿತವಾಗಲಿಲ್ಲ. ಅದನ್ನು ಸೆಪ್ಟೆಂಬರ್‌ನಲ್ಲಿ ಓಬರ್ಸ್‌ಡೋರ್ಫ್‌ನ ನೆಬೆಲ್‌ಹಾರ್ನ್ ಟ್ರೋಫಿಯಲ್ಲಿ ಗಳಿಸಿ ತರಬೇಕಾಯಿತು, ತಂದದ್ದೂ ಝೌ ಅವರೇ, ಆ ಸ್ಪರ್ಧೆಯನ್ನು ಗೆದ್ದು. ಮುಂದಿನ ತಿಂಗಳು ಲಾಸ್ ವೇಗಸ್‌ನ ಸ್ಕೇಟ್ ಅಮೆರಿಕದಲ್ಲಿ ಅವರು ಚೆನ್ ಅವರನ್ನೇ ಹಿಂದಿಕ್ಕಿ ಚಿನ್ನ ಪಡೆದರು. ಇಷ್ಟನ್ನು ಎದುರಿಗಿಟ್ಟುಕೊಂಡ ಸಮಿತಿ ಝೌ ಅವರನ್ನು ಬಿಡಬೇಕಿತ್ತು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ನಿಜವಾದ ಪೈಪೋಟಿ ಇದ್ದದ್ದು ಬ್ರೌನ್ ಮತ್ತು ಮಾಲಿನಿನ್ ನಡುವೆ. ಒಬ್ಬರು ಪ್ರತಿ ಹೆಜ್ಜೆಯನ್ನೂ ಸಂಗೀತಕ್ಕೆ ಹೊಂದಿಸಿ ಎತ್ತರದ ಕಲಾತ್ಮಕ ಅಂಕ ಪಡೆಯುವ, ಎಂಥ ಒತ್ತಡದಲ್ಲೂ ಮಟ್ಟ ಕಾಯ್ದುಕೊಳ್ಳುವ ಅನುಭವಿ; ಇನ್ನೊಬ್ಬರು ಜಿಗಿತಗಳಲ್ಲಿ ಲೋಕವನ್ನೇ ದಾಟಿ ಹೋಗಬಲ್ಲ ಎಳೆಯ ಪ್ರತಿಭೆ. ಬ್ರೌನ್ ಬೀಜಿಂಗ್‌ನಲ್ಲಿ ಒಂದೂ ನಾಲ್ಕು ಸುತ್ತಿನ ಜಿಗಿತವಿಲ್ಲದೆ 281.24 ಪಡೆದು ಆರನೆಯವರಾದರು. ಅದೇ ಮಾರ್ಚ್‌ನಲ್ಲಿ ಮೊಂಪೆಲಿಯೆಯ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋದ ಮಾಲಿನಿನ್ ಶಾರ್ಟ್ ಪ್ರೋಗ್ರಾಂನಲ್ಲಿ ನೂರು ದಾಟಿ ನಾಲ್ಕನೆಯವರಾಗಿದ್ದು, ಫ್ರೀ ಸ್ಕೇಟ್‌ನಲ್ಲಿ ಕುಸಿದು ಒಟ್ಟಾರೆ ಒಂಬತ್ತನೆಯವರಾದರು. ಝೌ ಅಲ್ಲಿ ಕಂಚು ಪಡೆದರು. ಈ ಫಲಿತಾಂಶ ಸಮಿತಿಯ ತೀರ್ಮಾನವನ್ನು ಸಾಬೀತು ಮಾಡಿತು ಎಂದು ನಾನು ಹೇಳುವುದಿಲ್ಲ, ಏಕೆಂದರೆ ಬೀಜಿಂಗ್‌ಗೆ ಹೋಗಿದ್ದರೆ ಹುಡುಗ ಹೇಗೆ ಆಡುತ್ತಿದ್ದ ಎಂಬುದನ್ನು ಮೊಂಪೆಲಿಯೆಯಿಂದ ಅಳೆಯಲಾಗದು. ಅವರ ಮುಂದಿದ್ದ ಅಂದಾಜು ಅಸಂಬದ್ಧವಾಗಿರಲಿಲ್ಲ ಎಂಬಷ್ಟನ್ನು ಮಾತ್ರ ಅದು ತೋರಿಸುತ್ತದೆ. ಝೌ ಬೀಜಿಂಗ್‌ನಲ್ಲಿ ತಂಡ ಸ್ಪರ್ಧೆಯಲ್ಲಿ ಆಡಿದ ಮೇಲೆ ಕೋವಿಡ್ ದೃಢಪಟ್ಟು ವೈಯಕ್ತಿಕ ಸ್ಪರ್ಧೆಯಿಂದ ಹಿಂದೆ ಸರಿಯಬೇಕಾಯಿತು. ಆ ಸ್ಥಾನ ಖಾಲಿಯೇ ಉಳಿಯಿತು. ಎಷ್ಟು ತೂಗಿ ನೋಡಿದರೂ ಸಮಿತಿಯ ಲೆಕ್ಕಕ್ಕೆ ಸಿಗದ ಸಂಗತಿ ಅದು.

ಈ ಸಮಸ್ಯೆ ಅಮೆರಿಕದ್ದು ಮಾತ್ರ ಎಂದು ಭಾವಿಸಬಾರದು. 2013ರ ಡಿಸೆಂಬರ್‌ನಲ್ಲಿ ಸೈತಾಮಾದಲ್ಲಿ ನಡೆದ ಜಪಾನಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಯುಝುರು ಹನ್ಯೂ ಮೊದಲನೆಯವರು, ತತ್ಸುಕಿ ಮಚಿದಾ ಎರಡನೆಯವರು, ತಕಹಿಕೊ ಕೊಝುಕಾ ಮೂರನೆಯವರು, ನೊಬುನಾರಿ ಓದಾ ನಾಲ್ಕನೆಯವರು, ದಾಯ್ಸುಕೆ ತಕಹಾಶಿ ಐದನೆಯವರು. 2014ರ ಸೋಚಿ ಒಲಿಂಪಿಕ್ಸ್‌ಗೆ ಹೋದ ಮೂರನೆಯವರು ತಕಹಾಶಿ. ಕಣಕಾಲಿನ ಮೂಳೆಯ ಗಾಯದಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಅವರು 2010ರ ಒಲಿಂಪಿಕ್ಸ್‌ನ ಕಂಚಿನ ಪದಕ ಮತ್ತು ಅದೇ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಎರಡನ್ನೂ ಪಡೆದವರು. ಓದಾ ಕೆಲವೇ ವಾರಗಳ ಹಿಂದೆ, ಗಾಯಗೊಂಡ ಅದೇ ತಕಹಾಶಿಯವರ ಬದಲಿಗೆ ಗ್ರ್ಯಾನ್ ಪ್ರಿ ಫೈನಲ್‌ಗೆ ಹೋಗಿ ಕಂಚು ತಂದಿದ್ದರು. ತಂಡದಲ್ಲಿ ಹೆಸರಿಲ್ಲವೆಂದಾದ ಮೇಲೆ ನಿವೃತ್ತಿ ಘೋಷಿಸಿದರು. ಜಪಾನಿನ ಕ್ರಮದಲ್ಲಿ ರಾಷ್ಟ್ರೀಯ ಚಾಂಪಿಯನ್‌ಗೆ ಮೊದಲ ಸ್ಥಾನ ಖಚಿತ. ಉಳಿದ ಸ್ಥಾನಗಳಿಗೆ ಯಾರು ಯಾರು ಪರಿಗಣನೆಗೆ ಬರುತ್ತಾರೆ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಮೊದಲೇ ಬರೆದಿರುತ್ತಾರೆ. ಗೆದ್ದವನಿಗೆ ಖಚಿತ ಭರವಸೆ ಕೊಡುವ ಆ ಒಂದು ಅಂಶ ನನಗೆ ತುಂಬ ಒಪ್ಪಿಗೆಯಾಗುತ್ತದೆ. ಹಾಗಿದ್ದೂ ಮೂರನೆಯ ಸ್ಥಾನದ ವಿಷಯದಲ್ಲಿ ಅಭಿಮಾನಿಗಳ ಮನಸ್ಸು ಇಬ್ಭಾಗವಾಯಿತು. ತಕಹಾಶಿ ಸೋಚಿಯಲ್ಲಿ ಆರನೆಯವರಾದರು.

ಅದೇ ಸೋಚಿಯಲ್ಲಿ ಆತಿಥೇಯ ರಷ್ಯಾಕ್ಕೆ ಇದ್ದದ್ದು ಒಂದೇ ಸ್ಥಾನ. 2013ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಕ್ಸಿಮ್ ಕೊವ್ತುನ್ 17ನೆಯವರಾದದ್ದರ ಫಲ ಅದು. ಅದೇ ಕೊವ್ತುನ್ ಡಿಸೆಂಬರ್‌ನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಹಿಂದಿನ ಒಲಿಂಪಿಕ್ ಚಾಂಪಿಯನ್ ಯೆವ್ಗೆನಿ ಪ್ಲುಶೆಂಕೊ ಅವರನ್ನು ಸೋಲಿಸಿ ಗೆದ್ದರು; ಜನವರಿಯ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಐದನೆಯವರಾದರು. ಆ ಬಳಿಕ ಪ್ಲುಶೆಂಕೊ ಮುಚ್ಚಿದ ಬಾಗಿಲುಗಳ ಹಿಂದೆ ಒಕ್ಕೂಟದವರ ಮುಂದೆ ಪರೀಕ್ಷಾ ಪ್ರದರ್ಶನ ನೀಡಿದರು, ಆಯ್ಕೆಯಾದರು. ತಂಡ ಸ್ಪರ್ಧೆಯಲ್ಲಿ ಅವರು ಎರಡೂ ಪ್ರದರ್ಶನಗಳನ್ನು ನಿರ್ವಹಿಸಿ ರಷ್ಯಾದ ಚಿನ್ನಕ್ಕೆ ದೊಡ್ಡ ಕೊಡುಗೆ ಕೊಟ್ಟರು ಎಂಬುದನ್ನು ಮರೆಯಬಾರದು. ಆದರೆ ವೈಯಕ್ತಿಕ ಶಾರ್ಟ್ ಪ್ರೋಗ್ರಾಂನ ಹೊತ್ತಿಗೆ, ಅಭ್ಯಾಸಕ್ಕೆ ಐಸ್ ಮೇಲೆ ಇಳಿದವರು ಬೆನ್ನು ಹಿಡಿದುಕೊಂಡು ರೆಫರಿಯ ಬಳಿಗೆ ಹೋಗಿ ಹಿಂದೆ ಸರಿದರು. ಆ ಹೊತ್ತಿಗೆ ಬದಲಿ ಸ್ಕೇಟರನ್ನು ಇಳಿಸುವ ಅವಕಾಶವಿರಲಿಲ್ಲ. ತವರಿನ ಒಲಿಂಪಿಕ್ಸ್‌ನಲ್ಲಿ ಪುರುಷರ ವೈಯಕ್ತಿಕ ವಿಭಾಗದಲ್ಲಿ ರಷ್ಯಾದ ಒಬ್ಬ ಸ್ಕೇಟರನೂ ಇರಲಿಲ್ಲ. ಇಲ್ಲಿ ನನ್ನ ಆಕ್ಷೇಪ ಪ್ಲುಶೆಂಕೊ ಅವರ ಬಗ್ಗೆ ಅಲ್ಲ, ಬಾಗಿಲು ಮುಚ್ಚಿದ್ದರ ಬಗ್ಗೆ. ಸ್ಯಾನ್ ಹೋಸೆಯಲ್ಲೂ ಸೈತಾಮಾದಲ್ಲೂ ಹೊರಗುಳಿದವರಿಗೆ ತಮ್ಮನ್ನು ಯಾವ ಫಲಿತಾಂಶಗಳ ಜೊತೆ ತೂಗಿದರು ಎಂಬುದು ಕಣ್ಣಿಗೆ ಕಾಣುತ್ತಿತ್ತು. ಕೊವ್ತುನ್ ಅವರನ್ನು ಹೊರಗಿಟ್ಟ ಪರೀಕ್ಷೆಯನ್ನು ಹೊರಗಿನವರು ಯಾರೂ ನೋಡಲಿಲ್ಲ.

ಹಾಗಾದರೆ ಯಾರ ಮಾತು ಸರಿ? ರಾಷ್ಟ್ರೀಯ ಸ್ಪರ್ಧೆಯ ಮೊದಲ ಮೂವರೇ ಹೋಗಬೇಕು ಎನ್ನುವ ನಿಮ್ಮ ಗೆಳೆಯರ ವಾದದಲ್ಲಿ ಒಂದು ದೊಡ್ಡ ಗುಣವಿದೆ: ಅಲ್ಲಿ ಯಾರ ಇಷ್ಟಾನಿಷ್ಟಕ್ಕೂ ಜಾಗವಿಲ್ಲ. ಆದರೂ ಈ ಆಟದಲ್ಲಿ ಇಡೀ ವರ್ಷದ ಸಾಧನೆ ನೋಡಿ ಆರಿಸುವುದೇ ಸರಿ ಎಂಬುದು ನನ್ನ ನಿಲುವು. ಪ್ಯೊಂಗ್‌ಚಾಂಗ್‌ನಲ್ಲಿ ಚೆನ್ ಅವರಂಥವರೇ ಶಾರ್ಟ್ ಪ್ರೋಗ್ರಾಂನಲ್ಲಿ 17ನೆಯವರಾಗಿ, ಮರುದಿನದ ಫ್ರೀ ಸ್ಕೇಟ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದು ಐದನೆಯ ಸ್ಥಾನಕ್ಕೆ ಏರಿದರು. ಇಪ್ಪತ್ತನಾಲ್ಕು ಗಂಟೆಯೊಳಗೆ ಒಬ್ಬನೇ ಸ್ಕೇಟರ್ ಇಷ್ಟು ಬದಲಾಗಬಲ್ಲನಾದರೆ ಒಂದು ವಾರಾಂತ್ಯದ ಮೇಲೆ ನಾಲ್ಕು ವರ್ಷಗಳ ದುಡಿಮೆಯನ್ನು ಪಣಕ್ಕಿಡುವುದು ನನಗೆ ಒಪ್ಪಿಗೆಯಾಗದು. ಆದರೆ ಈ ಪದ್ಧತಿಯನ್ನು ಒಪ್ಪಬೇಕಾದರೆ ಯಾವ ಸ್ಪರ್ಧೆಗೆ ಎಷ್ಟು ತೂಕ ಎಂಬುದು ಋತು ಆರಂಭವಾಗುವ ಮೊದಲೇ ಎಲ್ಲರಿಗೂ ತಿಳಿದಿರಬೇಕು, ಹೊರಗುಳಿದವರಿಗೆ ಕಾರಣವನ್ನು ಬರಹದಲ್ಲಿ ಕೊಡಬೇಕು, ರಾಷ್ಟ್ರೀಯ ಚಾಂಪಿಯನ್‌ನ ಸ್ಥಾನಕ್ಕೆ ಸಮಿತಿ ಕೈ ಹಾಕಬಾರದು. ಇಷ್ಟಿದ್ದಿದ್ದರೆ ಮೈನರ್ ಅವರಿಗೆ ನೋವು ಕಡಿಮೆಯಾಗುತ್ತಿರಲಿಲ್ಲ. ಆದರೆ ಸ್ಯಾನ್ ಹೋಸೆಯಲ್ಲಿ ಐಸ್ ಮೇಲೆ ಇಳಿಯುವ ಮೊದಲೇ ಬೆಳ್ಳಿ ಗೆದ್ದರೆ ತಮಗೆ ಸಿಗುವುದೇನು, ಸಿಗದಿರುವುದೇನು ಎಂಬುದು ಅವರಿಗೆ ನಿಖರವಾಗಿ ತಿಳಿದಿರುತ್ತಿತ್ತು.

ಮುಂದಿನ ಸಲ ನಿಮ್ಮ ಗುಂಪಿನಲ್ಲಿ ಈ ವಾದ ಎದ್ದಾಗ ಒಟ್ಟು ಅಂಕಗಳನ್ನು ಬದಿಗಿಟ್ಟು, ಸ್ಪರ್ಧೆಯ ಬಳಿಕ ಪ್ರಕಟವಾಗುವ ವಿವರವಾದ ಅಂಕಪಟ್ಟಿಯನ್ನು ತೆರೆಯಿರಿ. ಜಿಗಿತಗಳ ಹೆಸರಿನ ಪಕ್ಕದಲ್ಲಿ ಸುತ್ತು ಕಡಿಮೆಯಾದುದರ ಗುರುತುಗಳು ಎಷ್ಟಿವೆ ಎಂದು ಎಣಿಸಿ, ಅದೇ ಸ್ಕೇಟರನ ಅದೇ ಋತುವಿನ ಒಂದು ಅಂತರರಾಷ್ಟ್ರೀಯ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು, ಅದೇ ಜಿಗಿತಗಳಿಗೆ ಅಲ್ಲಿ ಏನು ಗುರುತು ಬಿದ್ದಿದೆ ಎಂದು ನೋಡಿ. ಬಳಿಕ ಫ್ರೀ ಸ್ಕೇಟ್‌ನ ಕೊನೆಯ ಮೂರು ಜಿಗಿತಗಳ ಸಾಲುಗಳಿಗೆ ಬನ್ನಿ. ಅವುಗಳ ಮೂಲ ಅಂಕಕ್ಕೆ ಶೇಕಡಾ 10 ಹೆಚ್ಚುವರಿ ಸೇರುವುದು ಕಾಲುಗಳು ಸೋತಿರುವ ಹೊತ್ತಿನಲ್ಲಿ ಅವನ್ನು ಪೂರೈಸಬೇಕಾಗಿರುವುದರಿಂದ. ಸಮಿತಿಯ ಸ್ಥಾನದಲ್ಲಿ ನಾನಿದ್ದಿದ್ದರೆ, ಇಡೀ ವರ್ಷ ಆ ಮೂರು ಸಾಲುಗಳನ್ನು ಹೆಚ್ಚು ಸಲ ಅಚ್ಚುಕಟ್ಟಾಗಿ ತುಂಬಿದವರು ಯಾರು ಎಂಬುದನ್ನೇ ಮೊದಲು ನೋಡುತ್ತಿದ್ದೆ.